ರೊಟ್ಟಿ ಬಡಿದ ಮೊಣಕೈ

ನನ್ನ ಹೆಂಡತಿಯ ಬಲಗೈಗೆ ಹಾಕಿದ್ದ ಕೃತಕ ಮೊಣಕೈ ಕೀಲು ಸಡಿಲಾಗಿ, ಅದನ್ನು ಬಿಚ್ಚಿ ಬೇರೆ ಹಾಕಬೇಕಾಗಿ ಬಂದದ್ದು ನನ್ನಿಂದ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ನಡುವೆ ಎಲ್ಲೋ ಹೇಳೋಣವೆಂದು ಇಟ್ಟುಕೊಂಡರೆ, ಆ ಜಾಗ ಬಂದಾಗ ಮಾತು ಹೊರಳಿಸಿ ತಪ್ಪಿಸಿಕೊಳ್ಳುವ ಚಟ ನನಗಿದೆ.

ನಾನು ಮ್ಯಾಟ್ರಿಕ್‌ವರೆಗೆ ಓದಿದವನು. ಬನಹಟ್ಟಿಯಲ್ಲಿ ಪಾವರ್‌ಲೂಮ್ ಮಗ್ಗಗಳ ರಿಪೇರಿ ಮಾಡುತ್ತ ವಯಸ್ಸು ಕಳೆದೆ. ಈಗ ಮನೆಯಲ್ಲಿ ನಾನು, ಹೆಂಡತಿ, ಮಗ, ಸೊಸೆ. ಮಗ ನಾಲ್ಕು ಮಗ್ಗ ನಡೆಸುತ್ತಾನೆ. ಸೊಸೆ ರಬಕವಿಯ ಒಂದು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಹೆಂಡತಿಯ ತವರು ಬೀಳಗಿ. ಅಲ್ಲಿಂದ ಅವಳು ತಂದದ್ದರಲ್ಲಿ ಈಗ ಉಳಿದಿರುವುದು ಅವಳ ತಾಯಿ ಕಲಿಸಿದ ರೊಟ್ಟಿಯೊಂದೇ. ಹಂಚಿನಿಂದ ತೆಗೆದ ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆರಳು ಮಸುಕಾಗಿ ಕಾಣುತ್ತಿತ್ತು. ಅಂಚು ಕೂಡ ನಡುವಿನಷ್ಟೇ ತೆಳು. ನಮ್ಮ ಓಣಿಯಲ್ಲಿ ಯಾವ ಮನೆಯಲ್ಲಿ ಯಾರು ರೊಟ್ಟಿ ಬಡಿಯುತ್ತಿದ್ದಾರೆ ಎಂದು ಸದ್ದಿನ ಮೇಲೆ ಹೇಳುವವರು ಇದ್ದರು. ಮಗ್ಗಗಳ ಗದ್ದಲದ ನಡುವೆಯೂ ಅವಳ ಸದ್ದು ನನಗೆ ತಿಳಿಯುತ್ತಿತ್ತು.

ಕೀಲುವಾತ ಅವಳಿಗೆ ನಡುವಯಸ್ಸಿನಲ್ಲಿ ಬಂತು. ಮೊದಲು ಬೆರಳಿನ ಗೆಣ್ಣು, ಆಮೇಲೆ ಮಣಿಕಟ್ಟು, ಕೊನೆಗೆ ಬಲ ಮೊಣಕೈ. ಮೊಣಕೈಯೊಳಗಿನ ಮೆತ್ತನೆಯ ಪದರ ಪೂರ್ತಿ ತಿಂದುಹೋಗಿ ಎಲುಬಿಗೆ ಎಲುಬು ತಿಕ್ಕುತ್ತಿತ್ತು. ಹೆರಳು ಹಾಕಿಕೊಳ್ಳಲು ಕೈ ಏರುತ್ತಿರಲಿಲ್ಲ. ತುತ್ತು ಬಾಯಿಗೆ ಮುಟ್ಟಬೇಕಾದರೆ ಮುಖವನ್ನೇ ತಾಟಿನ ಕಡೆ ಬಗ್ಗಿಸುತ್ತಿದ್ದಳು. ಹಾಗೆ ಉಣ್ಣುವುದು ಯಾರಿಗೂ ಕಾಣಬಾರದೆಂದು ಎಲ್ಲರದೂ ಆದ ಮೇಲೆ ಒಬ್ಬಳೇ ಉಣ್ಣುತ್ತಿದ್ದಳು. ಜಮಖಂಡಿಯ ಎಲುಬಿನ ಡಾಕ್ಟರು ನೋಡಿ, ಇದು ಇನ್ನು ಗುಳಿಗೆಯಿಂದ ಆಗುವುದಲ್ಲ, ಕೀಲನ್ನೇ ಬದಲಿಸಬೇಕು ಎಂದು ಬೆಳಗಾವಿಯ ಒಂದು ಆಸ್ಪತ್ರೆಗೆ ಕಳಿಸಿದರು.

ಅಲ್ಲಿಯ ಡಾಕ್ಟರು ಮೈಸೂರು ಕಡೆಯವರು. ವಯಸ್ಸು ಕಡಿಮೆ, ತಾಳ್ಮೆ ಹೆಚ್ಚು. ಮೇಜಿನ ಮೇಲೆ ಇಟ್ಟಿದ್ದ ಒಂದು ಮಾದರಿ ಕೀಲನ್ನು ನನ್ನ ಕೈಗೇ ಕೊಟ್ಟರು. ಬಾಗಿಲ ಬಿಜಾಗರಿಯಂಥ ಒಂದು ಜೋಡಣೆ. ಅದರಿಂದ ಮೇಲಕ್ಕೊಂದು, ಕೆಳಕ್ಕೊಂದು ಉಕ್ಕಿನಂಥ ಸರಳು. ಮೇಲಿನದು ತೋಳಿನ ಎಲುಬಿನೊಳಗೆ, ಕೆಳಗಿನದು ಮುಂಗೈ ಎಲುಬಿನೊಳಗೆ ಹೋಗುತ್ತದೆ. ಎರಡನ್ನೂ ಒಂದು ನಮೂನೆಯ ಸಿಮೆಂಟು ಹಿಡಿದುಕೊಳ್ಳುತ್ತದೆ. ಬಿಜಾಗರಿಯ ನಡುವೆ ಲೋಹಕ್ಕೆ ಲೋಹ ತಾಗದಂತೆ ಪ್ಲಾಸ್ಟಿಕ್ಕಿನ ಬುಷ್. ನಾನು ಅದನ್ನು ತಿರುಗಿಸಿ ನೋಡಿದೆ. ಬದುಕೆಲ್ಲ ಬುಷ್ ಬದಲಿಸಿದವನಿಗೆ ಇದನ್ನು ತಿಳಿಯಲು ಎರಡನೆಯ ಮಾತು ಬೇಕಾಗಿರಲಿಲ್ಲ.

ಆಪರೇಶನ್ ಚೆನ್ನಾಗಿ ಆಯಿತು. ನೋವು ಹೋಯಿತು. ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ, ಈ ಕೈಗೆ ಬದುಕಿರುವ ತನಕ ಒಂದು ನಿಯಮ ಎಂದು ಹೇಳಿದರು. ಈ ಕೈಯಿಂದ ತುಂಬಿದ ತಂಬಿಗೆಗಿಂತ ಭಾರದ್ದನ್ನು ಎತ್ತಬಾರದು. ಕೊಡ ಬೇಡ, ಬಕೀಟು ಬೇಡ, ಒದ್ದೆ ಬಟ್ಟೆ ಹಿಂಡುವುದು ಬೇಡ, ಒರಳಲ್ಲಿ ಕುಟ್ಟುವುದು ಬೇಡ, ಕುರ್ಚಿಯಿಂದ ಏಳುವಾಗ ಕೈ ಊರುವುದೂ ಬೇಡ. ಅವರು ಹೇಳಿದ್ದರಲ್ಲಿ ರೊಟ್ಟಿ ಇರಲಿಲ್ಲ. ಅವರ ಸೀಮೆಯಲ್ಲಿ ಅನ್ನ, ಮುದ್ದೆ. ಬೆಳಗಾವಿಗೆ ಬಂದ ಮೇಲೆ ರೊಟ್ಟಿ ತಿಂದಿರಬಹುದು, ಬಡಿಯುವುದನ್ನು ನೋಡಿರಲಿಕ್ಕಿಲ್ಲ.

ನನಗೆ ಆ ಕ್ಷಣವೇ ಹೊಳೆದಿತ್ತು. ಕೇಳಬೇಕೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಕೇಳಿದರೆ ಅವರು ಬೇಡ ಅನ್ನುತ್ತಾರೆಂದು ನನಗೆ ಗೊತ್ತಿತ್ತು.

ಊರಿಗೆ ಬರುವ ಬಸ್ಸಿನಲ್ಲಿ, ಗೋಕಾಕ ದಾಟಿದ ಮೇಲೆ, ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಕೈ ಇಟ್ಟುಕೊಂಡಿದ್ದ ಹೆಂಡತಿ ಕಿಟಕಿಯ ಕಡೆ ನೋಡುತ್ತಲೇ ಅಂದಳು.

"ರೊಟ್ಟಿದು ನೀವು ಕೇಳಲಿಲ್ಲ."

"ಅವರ ಹೇಳ್ಲಿಲ್ಲ ಅಂದ್ರ ನಡೀತೈತಿ ಅಂತನ ಅರ್ಥ," ಅಂದೆ.

ಮುಂದೆ ಆದದ್ದೆಲ್ಲ ಆ ಒಂದು ಉತ್ತರದಿಂದ ಆಯಿತು.

ಮೊದಲ ಕೆಲವು ತಿಂಗಳು ಸೊಸೆ ಅವಳನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಶಾಲೆಗೆ ಹೋಗುವ ಮುಂಚೆ ಚಪಾತಿ ಮಾಡಿಡುತ್ತಿದ್ದಳು. ರೊಟ್ಟಿಯನ್ನು ಹಿಂದಿನ ಓಣಿಯಲ್ಲಿ ಬಡಿದು ಮಾರುವ ಒಬ್ಬ ಹೆಣ್ಣುಮಗಳಿಂದ ತರಿಸುತ್ತಿದ್ದಳು. ಒಳ್ಳೆಯ ರೊಟ್ಟಿಯೇ. ಮುಧೋಳದ ಕಡೆಯ ಬಿಳಿಜೋಳ, ಹಿಟ್ಟೂ ನುಣ್ಣಗೆ. ಅಂಚು ಮಾತ್ರ ಸ್ವಲ್ಪ ದಪ್ಪ. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಲಿಲ್ಲವೆಂಬುದೇ ನನ್ನ ದೊಡ್ಡಸ್ತಿಕೆ ಎಂದು ಬಹಳ ದಿನ ತಿಳಿದಿದ್ದೆ. ಆದರೆ ದಿನಾ ರೊಟ್ಟಿಯ ನಡುಭಾಗವನ್ನು ತಿಂದು ಅಂಚನ್ನು ಮುರಿದು ತಾಟಿನ ಬದಿಗೆ ಇಡುತ್ತಿದ್ದೆ. ತಾಟು ಎತ್ತುವವಳು ಅವಳು. ಎಡಗೈಯಲ್ಲಿ ತಾಟು ಎತ್ತಿ, ಆ ಅಂಚಿನ ತುಂಡುಗಳನ್ನು ನೋಡಿ, ಹಿತ್ತಲಿಗೆ ಒಯ್ದು ಆಕಳಿಗೆ ಹಾಕುತ್ತಿದ್ದಳು. ನಾನು ಬಾಯಿಬಿಟ್ಟು ಬೈದಿದ್ದರೆ ಅವಳು ತಿರುಗಿ ಬೈದು ಸುಮ್ಮನಾಗುತ್ತಿದ್ದಳು. ತುಂಡಿಗೆ ತಿರುಗಿ ಏನು ಹೇಳುವುದು?

ಒಂದು ದಿನ ಸೊಸೆ ಶಾಲೆಗೆ ಹೋದ ಮೇಲೆ ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗಿನಿಂದ ಸದ್ದು ಬಂತು. ಮೊದಲು ಅಳುಕಿನದು, ನಡುನಡುವೆ ನಿಂತು ಹೊಂದಿಕೊಳ್ಳುತ್ತಿದ್ದದ್ದು. ಆಮೇಲೆ ಹಳೆಯ ಓಟಕ್ಕೆ ಬಿತ್ತು. ಎದ್ದು ಒಳಗೆ ಹೋಗಿ ಬೇಡ ಅನ್ನಲು ನಾಲ್ಕು ಹೆಜ್ಜೆ. ನಾನು ಏಳಲಿಲ್ಲ. ಕರೆದಾಗ ಹೋಗಿ ಉಂಡೆ. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಬಿಸಿ ರೊಟ್ಟಿ.

"ಇವತ್ತ ಊಟ ಮಾಡಿದಂಗಾತು," ಅಂದೆ.

ಅವಳ ಮುಖದಲ್ಲಿ ಅಂದು ಕಂಡ ಸಂತೋಷವನ್ನು ನಾನು ನನ್ನ ಪರವಾದ ಸಾಕ್ಷಿಯೆಂದು ಇಟ್ಟುಕೊಂಡೆ.

ಸೊಸೆಗೆ ಗೊತ್ತಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಅವಳು ಅತ್ತೆಯನ್ನು ಏನೂ ಅನ್ನದೆ ನೇರವಾಗಿ ನನ್ನ ಹತ್ತಿರ ಬಂದಳು. "ಮಾಮಾರ, ಅತ್ತೀ ಕೈಯಾಗ ಇರೂದು ಎಲುಬಲ್ರಿ. ನೀವ ಒಂದ ಮಾತ ಹೇಳ್ರಿ, ನಿಮ್ಮ ಮಾತಾದ್ರ ಕೇಳ್ತಾರ," ಅಂದಳು.

"ಬಡಿಯೂದ್ರಾಗ ಏನ್ ವಜ್ಜಿ ಐತೆವಾ? ಹಿಟ್ಟಿನ ಉಂಡಿ ತಂಬಿಗಿಕಿಂತ ಹಗರ," ಅಂದೆ.

ಆ ಮಾತು ಸುಳ್ಳೆಂದು ಊರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಮಗ್ಗದಲ್ಲಿ ಬಟ್ಟೆ ಸುತ್ತುವ ಉರುಳೆಯ ಮೇಲೆ ಭಾರ ಬಹಳ, ಆದರೂ ಅಲ್ಲಿಯ ಬುಷ್ ವರ್ಷಗಟ್ಟಲೆ ಬಾಳುತ್ತದೆ. ಲಾಳಿಯನ್ನು ಈ ಬದಿಯಿಂದ ಆ ಬದಿಗೆ ಹೊಡೆಯುವ ಕೋಲಿನ ಬುಡದಲ್ಲಿ ಭಾರವೇ ಇಲ್ಲ, ಬರೀ ಪೆಟ್ಟು. ದಿನವಿಡೀ ಸಣ್ಣ ಸಣ್ಣ ಪೆಟ್ಟು. ಮೊದಲು ಸವೆದು ಹೋಗುವುದು ಅಲ್ಲಿಯ ಬುಷ್. ಎಷ್ಟೋ ಮಾಲೀಕರಿಗೆ ನಾನೇ ಇದನ್ನು ತಿಳಿಸಿ ಹೇಳಿದ್ದೇನೆ. ನನ್ನ ಮನೆಯಲ್ಲಿ ಮರೆತೆ ಎಂದು ಬರೆಯಬಹುದಿತ್ತು, ಆದರೆ ಮರೆತಿರಲಿಲ್ಲ.

ಹೀಗೇ ವರ್ಷಗಳು ಹೋದವು. ದಿನದ ರೊಟ್ಟಿಯ ಜೊತೆಗೆ ವರ್ಷಕ್ಕೊಮ್ಮೆ ರೊಟ್ಟಿ ಹಬ್ಬ. ನಮ್ಮ ಕಡೆ ನಾಗರ ಪಂಚಮಿಯ ಹಿಂದಿನ ದಿನ ಮನೆಮನೆಗೆ ರೊಟ್ಟಿಯ ತಾಟು ಹೋಗುತ್ತದೆ. ಬಿಳಿಜೋಳದ ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳಿನ ಪಲ್ಯ, ಗುರೆಳ್ಳಿನ ಚಟ್ನಿ. ಕೊಟ್ಟ ಮನೆಯಿಂದ ಅದೇ ತಾಟು ಅವರ ರೊಟ್ಟಿ ತುಂಬಿಕೊಂಡು ಬರುತ್ತದೆ. ಯಾರ ಕೈ ಹೇಗಿದೆ ಎಂದು ಓಣಿಯ ಹೆಂಗಸರು ಅಂದು ತೂಗಿ ನೋಡುತ್ತಾರೆ. ಅದಕ್ಕಾಗಿ ಒಂದು ವಾರದಿಂದ ಬಡಿದು ಬಡಿದು ಬುಟ್ಟಿಯಲ್ಲಿ ಒಟ್ಟುತ್ತಾರೆ. ಆಪರೇಶನ್ನಿನ ಮರುವರ್ಷವೇ ನನ್ನ ಹೆಂಡತಿಯ ತಾಟು ಓಣಿಯಲ್ಲಿ ಹೊರಟಿತು. ಕೈ ಬದಲಿಸಿದರೂ ರೊಟ್ಟಿ ಬದಲಾಗಿಲ್ಲ ಎಂದು ಎಲ್ಲರೂ ಹೊಗಳಿದರು. ನಾನು ಕಟ್ಟೆಯ ಮೇಲೆ ಕುಳಿತು, ಆ ಹೊಗಳಿಕೆ ನನ್ನದೆನ್ನುವಂತೆ ಕೇಳಿಸಿಕೊಂಡೆ.

ಎರಡು ವರ್ಷದ ಹಿಂದಿನ ಹಬ್ಬ ಕಳೆದ ಮೇಲೆ ತೋಳಿನ ನಡುವೆ ನೋವು ಶುರುವಾಯಿತು. ಕೈ ಅಲ್ಲಾಡಿಸಲು ತೊಡಗಿದಾಗ ಒಮ್ಮೆ ಚುಚ್ಚಿ, ಆಮೇಲೆ ಸ್ವಲ್ಪ ಇಳಿಯುತ್ತಿತ್ತು. ಮಡಿಚಿದರೆ ಒಳಗೆ ಟಕ್ ಎಂದು ಸದ್ದು. ಜಮಖಂಡಿಯಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಅದನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ತೋಳಿನೊಳಗಿನ ಸರಳಿನ ಸುತ್ತ ಎಳೆದಂತಿದ್ದ ಒಂದು ಕಪ್ಪು ಗೆರೆಯನ್ನು ತೋರಿಸಿದರು. ಗೋಡೆಗೆ ಬಡಿದ ಮೊಳೆಯ ಸುತ್ತ ಗಾರೆ ಬಿಟ್ಟುಕೊಂಡಂತೆ ಇತ್ತು. ಮತ್ತೆ ಬೆಳಗಾವಿಗೆ ಹೋದೆವು.

ಅದೇ ಡಾಕ್ಟರು. ಈಗ ಕೂದಲು ಅಲ್ಲಲ್ಲಿ ನೆರೆತಿತ್ತು. ಇಂಥ ಕೀಲು ಯಾಕೆ ಕೆಡುತ್ತದೆ ಎಂದು ಅವರು ಅಂದು ವಿವರವಾಗಿ ಹೇಳಿದರು. ಮೊಣಕೈಯ ಎಲುಬು ಸಣ್ಣದು, ಸೊಂಟ ಮೊಣಕಾಲುಗಳ ಹಾಗೆ ಸಿಮೆಂಟು ಕಚ್ಚಿ ಹಿಡಿಯಲು ಅಗಲವಾದ ಜಾಗವಿಲ್ಲ. ಅಂಗೈಗೆ ಬಿದ್ದ ಬಲ ಮೊಣಕೈ ಮುಟ್ಟುವಷ್ಟರಲ್ಲಿ ಹಲವು ಪಟ್ಟಾಗಿರುತ್ತದೆ. ಅದನ್ನು ಮತ್ತೆ ಮತ್ತೆ ತಾಳುತ್ತ ಬುಷ್ ಸವೆಯುತ್ತದೆ. ಸವೆದ ಪ್ಲಾಸ್ಟಿಕ್ಕಿನ ಪುಡಿ ಎಲುಬಿನ ಬದಿಗೆ ಸೇರುತ್ತದೆ. ಮೈ ಅದನ್ನು ಹೊರಗಿನದೆಂದು ತಿಳಿದು ಹೋರಾಡಲು ಹೋಗಿ ತನ್ನ ಎಲುಬನ್ನೇ ತಿಂದುಕೊಳ್ಳುತ್ತದೆ. ಆಗ ಸಿಮೆಂಟು ಬಿಡುತ್ತದೆ, ಸರಳು ಅಲ್ಲಾಡುತ್ತದೆ. ಇದು ಒಂದು ದಾರಿ. ಇನ್ನೊಂದು ದಾರಿ ಸೋಂಕು. ಮೊಣಕೈ ಮೇಲೆ ಚರ್ಮ ತೆಳು, ಕೀಲುವಾತದ ಔಷಧಿಗಳು ಮೈಯ ಕಾವಲನ್ನು ತಗ್ಗಿಸಿರುತ್ತವೆ. ಒಳಗೆ ಸೋಂಕು ಕುಳಿತರೂ ಕೀಲು ಹೀಗೇ ಸಡಿಲಾಗುತ್ತದೆ. ಯಾವುದರಿಂದ ಆಯಿತು ಎಂದು ತಿಳಿದು ಮುಂದಿನ ಹೆಜ್ಜೆ ಇಡಬೇಕು ಅಂದರು. ಆಮೇಲೆ ಕೇಳಿದರು.

"ಯಜಮಾನ್ರೇ, ಮನೇಲಿ ಅಮ್ಮ ಈ ಕೈಯಲ್ಲಿ ಏನೇನ್ ಕೆಲ್ಸ ಮಾಡ್ತಾರೆ?"

"ಏನೂ ಇಲ್ರಿ ಸಾಹೇಬ್ರ. ಸೊಸಿ ಅದಾಳ. ಇಕಿ ಕುಂತಲ್ಲೆ ಊಟ," ಅಂದೆ.

ಹೆಂಡತಿ ನನ್ನ ಕಡೆ ನೋಡಿದಳು. ಡಾಕ್ಟರು ಅವಳನ್ನೂ ಕೇಳಿದರು. ಅವಳು ತಲೆ ತಗ್ಗಿಸಿ ಇಲ್ಲ ಅಂದಳು. ನಾನು ಸುಳ್ಳು ಹೇಳಿದ್ದಲ್ಲದೆ ಅವಳಿಂದಲೂ ಹೇಳಿಸಿದೆ.

ಡಾಕ್ಟರು ನಂಬಿದರು. ನಂಬಿದ್ದರಿಂದಲೇ ಅವರ ಮುಖ ಗಂಭೀರವಾಯಿತು. ಬಳಸದ ಕೈಯಲ್ಲಿ ಕೀಲು ಇಷ್ಟು ಬೇಗ ಸಡಿಲಾಗಿದ್ದರೆ ಸೋಂಕನ್ನೇ ಮೊದಲು ಸಂಶಯಿಸಬೇಕು ಅಂದರು. ಮೊಣಕೈಗೆ ಸೂಜಿ ಹಾಕಿ ಒಳಗಿನ ನೀರು ತೆಗೆದರು. ಕೀಲುವಾತದ ಒಂದು ಔಷಧಿಯನ್ನು ನಿಲ್ಲಿಸಿದರು. ಊರಿಗೆ ಬಂದ ಮೇಲೆ ಔಷಧಿ ಇಲ್ಲದೆ ಅವಳ ಬೆರಳು, ಮಂಡಿ, ಪಾದ ಎಲ್ಲ ಬಾತುಕೊಂಡವು. ಮುಂಜಾನೆ ಎದ್ದು ಕೂರಲು ಸೊಸೆ ಹಿಡಿದುಕೊಳ್ಳಬೇಕಾಗುತ್ತಿತ್ತು. ಅವಳು ನರಳುವುದನ್ನು ಕೇಳುತ್ತ ನಾನು ಮತ್ತೆ ಅದೇ ಕಟ್ಟೆಯ ಮೇಲೆ ಕುಳಿತೆ.

ಮುಂದಿನ ಸಲ ಹೋದಾಗ ಡಾಕ್ಟರು ಫಲಿತಾಂಶ ಹೇಳಿದರು. ನೀರಿನಲ್ಲಿ ಏನೂ ಬೆಳೆದಿಲ್ಲ, ಆದರೆ ಕೆಲವು ಜಾತಿಯ ಸೋಂಕು ಪರೀಕ್ಷೆಗೆ ಸಿಗದೆ ಅಡಗಿರುತ್ತದೆ. ಸಡಿಲಾಗಲು ಬೇರೆ ಕಾರಣ ಕಾಣದಿರುವಾಗ ಅದನ್ನು ಇಲ್ಲವೆಂದು ಬಿಡಲಾಗದು. ಆದ್ದರಿಂದ ಎರಡು ಸಲ ಆಪರೇಶನ್. ಮೊದಲನೆಯದರಲ್ಲಿ ಕೀಲು, ಸಿಮೆಂಟು ಎಲ್ಲ ತೆಗೆದು ಔಷಧಿ ಬೆರೆಸಿದ ಸಿಮೆಂಟು ತುಂಬಿ ಬಿಡುವುದು. ಕೆಲವು ತಿಂಗಳು ಕೈ ಕೀಲಿಲ್ಲದೆ ಜೋತಾಡುತ್ತದೆ. ಒಳಗೆ ಪೂರ್ತಿ ಸ್ವಚ್ಛವಾಯಿತೆಂದು ಖಾತ್ರಿಯಾದ ಮೇಲೆ ಹೊಸ ಕೀಲು. ಅಷ್ಟರಲ್ಲಿ ಅವಳ ತೆಳುವಾದ ಎಲುಬು ಇನ್ನಷ್ಟು ಹೋಗಬಹುದು. ಹೊಸದನ್ನು ಹಿಡಿದುಕೊಳ್ಳಲು ಎಲುಬೇ ಉಳಿಯದಿರಲೂಬಹುದು ಎಂದು ಮುಚ್ಚಿಡದೆ ಹೇಳಿದರು.

ಹೊರಗೆ ಬಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಳಿತೆವು. ಅವಳು ಎಡಗೈಯಿಂದ ಅನ್ನ ಸಾರು ಕಲಸುತ್ತಿದ್ದಳು. ತುತ್ತು ನಿಲ್ಲದೆ ಜಾರುತ್ತಿತ್ತು. ನಾನು ನನ್ನ ತಾಟು ಸರಿಸಿ ಎದ್ದೆ. ಎಲ್ಲಿಗೆಂದು ಅವಳು ಕೇಳದೆಯೇ ತಿಳಿದುಕೊಂಡಳು.

"ಹೇಳಬ್ಯಾಡ್ರಿ," ಅಂದಳು. "ಮಂದೀ ಮುಂದ ನೀವು ಸಣ್ಣಾವ್ರಾಗೂದು ಬ್ಯಾಡ. ಹೆಂಗೂ ಕುಯ್ಯಾವ್ರ ಅದಾರ. ಒಮ್ಮೆ ಕುಯ್ದ್ರೇನು, ಎರಡ ಸಲ ಕುಯ್ದ್ರೇನು."

ಅವಳು ಅದನ್ನು ಅಂದ ರೀತಿ, ಚಹಾ ಇನ್ನೊಂದು ಕಪ್ಪು ಬೇಡ ಅನ್ನುವ ಹಾಗಿತ್ತು. ನಾನು ಕೈ ತೊಳೆದುಕೊಂಡು ಒಳಗೆ ಹೋದೆ.

ಡಾಕ್ಟರ ಬಾಗಿಲಲ್ಲಿ ಸರದಿ ಇತ್ತು. ಕೊನೆಯವನಾಗಿ ಒಳಗೆ ಹೋಗಿ, ಕುಳಿತುಕೊಳ್ಳದೆ, ನಿಂತೇ ಹೇಳಿದೆ. ಆಕೆ ದಿನಾ ರೊಟ್ಟಿ ಬಡಿದಿದ್ದಾಳೆ, ಹಬ್ಬಕ್ಕೆ ವಾರಗಟ್ಟಲೆ ಬಡಿದಿದ್ದಾಳೆ, ನನಗೆ ಗೊತ್ತಿತ್ತು, ನನ್ನ ಬಾಯಿರುಚಿಗಾಗಿ ನಾನೇ ಬಡಿಸಿದೆ, ಮೊನ್ನೆ ನಿಮ್ಮ ಮುಂದೆ ಸುಳ್ಳು ಹೇಳಿದೆ. ಡಾಕ್ಟರು ಕೋಪಿಸಿಕೊಳ್ಳುತ್ತಾರೆಂದು ಕಾದೆ. ಕೋಪಿಸಿಕೊಂಡಿದ್ದರೆ ಹಗುರವಾಗುತ್ತಿತ್ತು. ಅವರು ಪೆನ್ನು ಕೆಳಗಿಟ್ಟು, ಬಡಿಯುವುದು ಅಂದರೆ ಹೇಗೆ, ತೋರಿಸಿ ಅಂದರು.

ನಾನು ಅವರ ಮೇಜಿನ ಮೇಲೆ ತೋರಿಸಿದೆ. ಎಸರಿನ ನೀರು ಹಾಕಿದ ಹಿಟ್ಟನ್ನು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುವುದು. ಆಮೇಲೆ ಉಂಡೆ ಮಾಡಿ, ಕೆಳಗಿಟ್ಟು, ತಿರುಗಿಸುತ್ತ ಬಡಿಯುವುದು. ಮೇಜಿನ ಮೇಲಿದ್ದ ಕಾಗದಗಳು ಅಲುಗಿದವು. ಅವರು ಎದ್ದು ಬಂದು ನನ್ನ ಮೊಣಕೈ ಮೇಲೆ ಬೆರಳಿಟ್ಟು, ಇನ್ನೊಮ್ಮೆ ಅಂದರು. ನಾನು ಬಡಿದೆ. ಒಂದೊಂದು ಪೆಟ್ಟೂ ಅವರ ಬೆರಳಿಗೆ ಮುಟ್ಟುತ್ತಿದ್ದದ್ದು ನನಗೂ ತಿಳಿಯಿತು. ಒಂದು ರೊಟ್ಟಿಗೆ ಇಂಥ ಪೆಟ್ಟು ಎಷ್ಟು, ದಿನಕ್ಕೆ ರೊಟ್ಟಿ ಎಷ್ಟು ಎಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ಎಕ್ಸ್‌ರೇ ನೋಡಿದರು.

"ಬಿಜಾಗರಿ ಒಂದು ಕಡೆ ವಾಲಿದೆ. ಕೂತಲ್ಲೇ ಊಟ ಮಾಡೋರ ಕೈ ಹೀಗ್ ಯಾಕ್ ಸವೀತು ಅಂತ ನಾನು ತಲೆ ಕೆಡಿಸ್ಕೊಂಡಿದ್ದೆ," ಅಂದರು. ಆಮೇಲೆ, "ನಾನೂ ಅವತ್ತು ರೊಟ್ಟಿ ಬಗ್ಗೆ ಕೇಳ್ಬೇಕಿತ್ತು."

ಅವರ ಆ ಮಾತನ್ನು ನಾನು ತೆಗೆದುಕೊಳ್ಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಇನ್ನೊಮ್ಮೆ ಸೂಜಿ ಹಾಕಿ ನೀರು ಪರೀಕ್ಷೆ ಮಾಡಿಸಿದರು. ಅದರಲ್ಲೂ ಏನೂ ಸಿಗಲಿಲ್ಲ. ಒಳಗೆ ತೆರೆದು ನೋಡಿ, ಸೋಂಕಿನ ಗುರುತಿಲ್ಲದಿದ್ದರೆ ಒಂದೇ ಸಲದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕುತ್ತೇನೆ ಅಂದರು.

ಡಾಕ್ಟರಿಗೆ ಹೇಳಿ ಬಂದ ದಿನ ಬಸ್ಸಿನಲ್ಲಿ ಹೆಂಡತಿ ನನ್ನ ಮೇಲೆ ಸಿಟ್ಟಾಗಿದ್ದಳು. ನಾನು ಎಲ್ಲವನ್ನೂ ನನ್ನ ತಲೆಯ ಮೇಲೆ ಹಾಕಿಕೊಂಡು ಹೇಳಿದೆನೆಂದು ತಿಳಿದು ಅವಳ ಸಿಟ್ಟು ಹೆಚ್ಚಾಯಿತು.

"ನಿಮ್ಮ ಸಲುವಾಗಿ ಬಡದೆ ಅಂತ ತಿಳಕೊಂಡೀರೇನು? ಮಂದೀ ಕೈ ರೊಟ್ಟಿ ನಿಮಗಿಂತ ಮೊದ್ಲ ನನಗ ಗಂಟಲದಾಗ ಇಳೀಲಿಲ್ಲ. ಕೈ ಬಂತು, ಬಡದೆ. ನಂದೂ ಅಂತ ಒಂದ ಬ್ಯಾಡೇನು?"

ಇದು ನಿಜವೋ, ನನ್ನ ಭಾರ ಇಳಿಸಲು ಅಂದದ್ದೋ, ಇವತ್ತಿಗೂ ನಾನು ತಿಳಿಯೆ. ನಿಜವೇ ಇದ್ದರೂ ತಾಟಿನ ಬದಿಗಿದ್ದ ತುಂಡುಗಳು ನನ್ನವು. ಅವಳಿಗೆ ಹಾಗೆಂದೆ. ಅವಳು ಮುಖ ಕಿಟಕಿಗೆ ತಿರುಗಿಸಿದಳು.

ಆಪರೇಶನ್ ಬಹಳ ಹೊತ್ತು ನಡೆಯಿತು. ಹೊರಗೆ ಬಂದ ಡಾಕ್ಟರು ಒಳಗೆ ಸೋಂಕು ಇರಲಿಲ್ಲ ಎಂದು ಮೊದಲು ಹೇಳಿದರು. ಒಂದು ಸಣ್ಣ ಡಬ್ಬಿಯಲ್ಲಿ ಹಳೆಯ ಬುಷ್ ಇಟ್ಟುಕೊಂಡು ಬಂದಿದ್ದರು. ಒಂದು ಬದಿ ತಿಂದುಹೋಗಿ ಕಾಗದದಷ್ಟು ತೆಳುವಾಗಿತ್ತು. ನನ್ನ ಕೆಲಸದಲ್ಲಿ ಅಂಥವನ್ನು ನೋಡಿ ನೋಡಿ ಎಸೆದಿದ್ದೇನೆ. ಅದನ್ನು ಹಿಡಿದು ನಿಂತೆ, ಎಸೆಯಲು ಕೈ ಬರಲಿಲ್ಲ, ತಿರುಗಿ ಅವರಿಗೇ ಕೊಟ್ಟೆ.

ಹೊಸ ಕೀಲಿನ ಸರಳು ಉದ್ದದ್ದು. ಖಾಲಿಯಾದ ಕಡೆ ಬೇರೆ ಎಲುಬು ತುಂಬಿದ್ದಾರೆ. ಕೈ ಈಗ ಪೂರ್ತಿ ನೀಡಲು ಬರುವುದಿಲ್ಲ, ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿದಂತೆಯೇ ಇವೆ. ತುತ್ತು ಬಾಯಿಗೆ ಮುಟ್ಟುತ್ತದೆ, ಹೆರಳನ್ನು ಸೊಸೆ ಹಾಕುತ್ತಾಳೆ. ಇದೂ ಸಡಿಲಾದರೆ ಮತ್ತೆ ಹಾಕಲು ಎಲುಬು ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈ ಸಲ ಬೇಡವೆಂದು ಹೇಳಿದ್ದರಲ್ಲಿ ರೊಟ್ಟಿಯನ್ನೇ ಮೊದಲು ಹೇಳಿದರು.

ಈ ವರ್ಷ ರೊಟ್ಟಿ ಹಬ್ಬ ಹತ್ತಿರ ಬಂದಾಗ, ತಾಟು ಕಳಿಸುವುದೇ ಬೇಡ ಎಂದು ಹೆಂಡತಿ ಅಂದಳು. ಕೊಳ್ಳುವ ರೊಟ್ಟಿ ತನ್ನ ಹೆಸರಿನಲ್ಲಿ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ. ನಿನ್ನ ಹೆಸರಿನಲ್ಲಿ ಹೋಗುವುದಿಲ್ಲ ಅಂದೆ. ಹಿಂದಿನ ಓಣಿಯ ಹೆಣ್ಣುಮಗಳ ರೊಟ್ಟಿ ತಂದು, ಸೊಸೆಯ ಪಲ್ಯ ಚಟ್ನಿ ಇಟ್ಟು, ತಾಟನ್ನು ನಾನೇ ಎತ್ತಿಕೊಂಡು ಹೊರಟೆ. ತಾಟು ಒಯ್ಯುವುದು ಹೆಂಗಸರ ಕೆಲಸ. ಮೊದಲ ಮನೆಯ ಬಾಗಿಲಲ್ಲೇ ಆ ಮನೆಯ ಮುದುಕಿ ನಕ್ಕಳು.

"ಏನ್ರಿ ಅಣ್ಣಾರ, ಸೊಸಿ ನೌಕರಿಗಿ ಹೋಗಿ ನಿಮ್ಮನ್ನ ಮನೀ ಕೆಲಸಕ್ಕ ಹಚ್ಯಾಳೇನು?"

"ಇದು ನನ್ನ ಹೇಂತೀ ಕೈ ರೊಟ್ಟಿ ಅಲ್ಲವ್ವಾ," ಅಂದೆ. "ಆಕೀ ಕೈ ನಾ ಕೆಡಿಸೇನಿ. ಇನ್ನ ಮುಂದ ಆಕಿ ಬಡಿಯೂದಿಲ್ಲ."

ಮುದುಕಿಯ ನಗು ನಿಂತಿತು. ತಾಟು ತೆಗೆದುಕೊಂಡು ಒಳಗೆ ಹೋದವಳು ಸ್ವಲ್ಪ ತಡವಾಗಿ ಹೊರಬಂದಳು. ತಾಟಿನಲ್ಲಿ ಎಂದಿಗಿಂತ ಹೆಚ್ಚು ರೊಟ್ಟಿ ಇದ್ದವು. ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದೆ. ಹೇಳಿ ಹೇಳಿ ಸುಲಭವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತೆ. ಓಣಿಯವರ ರೊಟ್ಟಿಗಳು, ಒಂದೊಂದೂ ಒಂದೊಂದು ಕೈಯದು. ಒಂದರ ಅಂಚು ದಪ್ಪ, ಒಂದು ಕರಕು, ಒಂದಕ್ಕೆ ಉಪ್ಪು ಹೆಚ್ಚು. ನಾನು ಅಂಚಿನಿಂದಲೇ ಮುರಿದು ತಿನ್ನಲು ಶುರುಮಾಡಿದೆ. ಹಲ್ಲಿಗೆ ಆಗದ ಕಡೆ ಮೊಸರಿನಲ್ಲಿ ನೆನೆಸಿ ತಿಂದೆ. ಊಟ ಆದ ಮೇಲೆ ಹೆಂಡತಿ ತಾಟು ಎತ್ತಲು ಎಡಗೈ ಚಾಚಿದಳು. ಬದಿಯಲ್ಲಿ ಏನೂ ಇರಲಿಲ್ಲ. ಅವಳು ಖಾಲಿ ತಾಟನ್ನು ಒಂದು ಗಳಿಗೆ ನೋಡಿದಳು, ನನ್ನನ್ನು ನೋಡಲಿಲ್ಲ. ಅಂದು ತಾಟನ್ನು ನಾನೇ ಎತ್ತಿಕೊಂಡು ಹೋಗಿ ತೊಳೆದೆ.